ಋಷಿಮೂಲ, ನದೀಮೂಲ, ಬೀಗರ ಮೂಲ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಹುಡುಕಿದರೆ ಏನು ಸಿಕ್ಕೀತೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಹಾನದಿಯ ಮೂಲದಲ್ಲಿ ಕಲ್ಲಿನ ಸಂದಿಯ ಒಂದು ಒರತೆಯಿದ್ದೀತು. ಮಹರ್ಷಿಯ ಮೂಲದಲ್ಲಿ ದೋಣಿ ನಡೆಸುವ ಒಬ್ಬ ಬೆಸ್ತರ ಹುಡುಗಿಯಿದ್ದಾಳು. ಕಂಡವರ ಭಕ್ತಿ ಎಲ್ಲಿ ಕುಂದುವುದೋ ಎಂಬ ಅಂಜಿಕೆಯಿಂದ ಈ ಮಾತು ಹುಟ್ಟಿರಬೇಕು. ಆದರೆ ಭಾರತವನ್ನು ಹೇಳಿದ ಮಹರ್ಷಿಗೆ ಆ ಅಂಜಿಕೆ ಇರಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ತನ್ನ ಜನನದ ಕಥೆಯನ್ನು ಆತನು ಆದಿಪರ್ವದಲ್ಲಿಯೇ ಮುಚ್ಚುಮರೆಯಿಲ್ಲದೆ ಇಟ್ಟಿದ್ದಾನೆ.

ಈ ಮಾತುಗಳೆಲ್ಲ ನನಗೆ ನೆನಪಾದದ್ದು ನಮ್ಮ ನಾಡಿನ ಯಾವ ನದಿಯ ದಡದಲ್ಲಿಯೂ ಅಲ್ಲ; ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮೊಣಕಾಲುದ್ದ ಹಿಮ ಬಿದ್ದಿದ್ದ ಒಂದು ಜನವರಿ ತಿಂಗಳಲ್ಲಿ. ನನ್ನ ಮಗಳು ಅಲ್ಲಿಯ ಹುಡುಗನನ್ನು ಮದುವೆಯಾಗಿದ್ದಾಳೆ. ಅವಳ ಮಗಳಿಗೆ, ಎಂದರೆ ನನ್ನ ಮೊಮ್ಮಗಳಿಗೆ, ಶಾಲೆಯಲ್ಲಿ ವಂಶವೃಕ್ಷವನ್ನು ಬರೆದು ತರಬೇಕೆಂದು ಹೇಳಿದ್ದರು. ತಾಯಿಯ ಕಡೆಯದನ್ನು ನಾನು ಹೇಳುವುದೆಂದೂ, ತಂದೆಯ ಕಡೆಯದನ್ನು ನಮ್ಮ ಬೀಗರು ಹೇಳುವುದೆಂದೂ ಗೊತ್ತಾಯಿತು. ಬೀಗರು ಎಂಬತ್ತರ ಸಮೀಪದವರು; ಮಿತಭಾಷಿಗಳು; ನಿವೃತ್ತರು. ಅವರ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರಪಟವಿದೆ. ಕೆಳಗೆ ಬೆಟ್ಟಗಳ ನಡುವೆ ನುಗ್ಗಿದ ಸಮುದ್ರದ ಹಿನ್ನೀರು. ಮೇಲೆ ಇಳಿಜಾರಿನಲ್ಲಿ ಬಿಳಿಯ ಬಣ್ಣದ ದೊಡ್ಡ ಮನೆ, ಪಕ್ಕದಲ್ಲಿ ಕೆಂಪು ಬಣ್ಣದ ಕೊಟ್ಟಿಗೆ. ನಾರ್ವೆ ದೇಶದ ಪಶ್ಚಿಮ ತೀರದ ಸೋಗ್ನ್ ಪ್ರಾಂತದ ಒಂದು ಜಮೀನಿನ ಮನೆ ಅದು. ಆ ಜಮೀನಿನ ಹೆಸರೇ ನಮ್ಮ ಬೀಗರ ಮನೆತನದ ಹೆಸರು.

ಬೀಗರು ಮಗುವಿಗೆ ಮೂರು ಮಾತು ಹೇಳಿದರು. ತಮ್ಮ ಮುತ್ತಜ್ಜನು ಆ ಬಿಳಿಯ ಮನೆಯ ಯಜಮಾನನ ಮಗನೆಂಬುದು ಒಂದು. ಸಾಹಸಪ್ರಿಯನಾದ ಆತನು ಲೋಕವನ್ನು ನೋಡಬೇಕೆಂದು ಹೊರಟು ಬಂದನೆಂಬುದು ಇನ್ನೊಂದು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಇಳಿದಾಗ ಅಲ್ಲಿಯ ಗುಮಾಸ್ತನು ಆತನ ಉದ್ದನೆಯ ಹೆಸರನ್ನು ಬರೆಯಲಾರದೆ ಕತ್ತರಿಸಿ ಚಿಕ್ಕದು ಮಾಡಿದನೆಂಬುದು ಮೂರನೆಯದು. ಮಗುವಿನ ಉಪಾಧ್ಯಾಯಿನಿಯು ಪ್ರತಿಯೊಂದು ಹೆಸರಿಗೂ ಒಂದು ದಾಖಲೆಯನ್ನು ತೋರಿಸಬೇಕೆಂದು ವಿಧಿಸಿರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೀಗರೂ ನಾನೂ, ಹೊರಗೆ ಹೋಗಲಾರದ ಇಬ್ಬರು ಮುದುಕರು, ಕಂಪ್ಯೂಟರಿನ ಮುಂದೆ ಕುಳಿತೆವು. ಆ ಮೂರು ಮಾತುಗಳಲ್ಲಿ ಎರಡು ತಪ್ಪೆಂದೂ ಮೂರನೆಯದು ಅರ್ಧ ಮಾತ್ರ ಸರಿಯೆಂದೂ ತಿಳಿಯಲು ನಮಗೆ ಆರು ವಾರ ಹಿಡಿಯಿತು.

ವಂಶಶೋಧನೆಯ ಮೊದಲ ನಿಯಮವೆಂದರೆ ಇಂದಿನಿಂದ ನಿನ್ನೆಗೆ, ನಿನ್ನೆಯಿಂದ ಮೊನ್ನೆಗೆ ಹೋಗಬೇಕೆಂಬುದು. ಮೊನ್ನೆಯ ಯಾವನೋ ಹೆಸರಾಂತ ಪುರುಷನಿಂದ ಹೊರಟು ಇಂದಿಗೆ ಬರುವುದು ಸುಲಭ. ಹಾಗೆ ಬಂದವರೆಲ್ಲರೂ ರಾಜವಂಶದವರೇ ಆಗುತ್ತಾರೆ. ಅಮೆರಿಕದಲ್ಲಿ ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷ ಕಳೆದ ಮೇಲೆ ಜನರಿಗೆ ತೆರೆದಿಡುತ್ತಾರೆ. 1890ರ ಗಣತಿಯ ಬಹುಭಾಗ 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯಿಂದ ಹಾಳಾಯಿತು. ಆದರೆ 1900ರದು ಉಳಿದಿದೆ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷವಲ್ಲದೆ, ಪರದೇಶದವನಾದರೆ ಅಮೆರಿಕಕ್ಕೆ ಬಂದ ವರ್ಷವನ್ನೂ ಕೇಳಿ ಬರೆದುಕೊಂಡಿದ್ದಾರೆ. ಬೀಗರ ಮುತ್ತಜ್ಜನು ಅಲ್ಲಿ ಸಿಕ್ಕಿದನು. ಹುಟ್ಟಿದ್ದು 1861, ಬಂದದ್ದು 1882. ಅಲ್ಲಿಂದ ನಾವು ಆತನ ಪೌರತ್ವದ ಅರ್ಜಿಗೆ ಹೋದೆವು. ಸ್ವೀಡನ್ ಮತ್ತು ನಾರ್ವೆಗಳ ದೊರೆಗೆ ತಾನು ಸಲ್ಲಿಸುತ್ತಿದ್ದ ನಿಷ್ಠೆಯನ್ನು ತೊರೆಯುವುದಾಗಿ ಆತನು ಅದರಲ್ಲಿ ಪ್ರಮಾಣ ಮಾಡಿದ್ದಾನೆ. 1814ರಿಂದ 1905ರ ವರೆಗೆ ಆ ಎರಡು ದೇಶಗಳಿಗೂ ದೊರೆ ಒಬ್ಬನೇ. ಹುಟ್ಟಿದ ಊರಿನ ಸುದ್ದಿ ಅರ್ಜಿಯಲ್ಲಿ ಇರಲಿಲ್ಲ. ಅದು ಸಿಕ್ಕಿದ್ದು ಆತನು ಸೇರಿದ್ದ ಲೂಥರನ್ ಸಭೆಯ ದಪ್ಪ ಪುಸ್ತಕದಲ್ಲಿ. ಮಿನೆಸೋಟದ ಬಯಲಿನಲ್ಲಿ ಕುಳಿತು ನಾರ್ವೆಯ ಭಾಷೆಯಲ್ಲಿಯೇ ಲೆಕ್ಕವಿಡುತ್ತಿದ್ದ ಆ ಪಾದ್ರಿಯು, ಪ್ರತಿಯೊಬ್ಬ ಸದಸ್ಯನೂ ಹುಟ್ಟಿದ ಪ್ಯಾರಿಷನ್ನು, ಎಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಗುಂಪನ್ನು, ಗುರುತುಹಾಕಿಟ್ಟಿದ್ದನು.

ಇಷ್ಟು ತಿಳಿಯುವಾಗಲೇ ಬೀಗರ ಮೂರನೆಯ ಮಾತು ಅಲುಗಾಡಿತು. ಎಲ್ಲಿಸ್ ದ್ವೀಪದ ವಲಸೆ ಠಾಣೆ ತೆರೆದದ್ದು 1892ರ ಜನವರಿ 1ರಂದು. ಹತ್ತು ವರ್ಷ ಮೊದಲೇ ಬಂದವನ ಹೆಸರನ್ನು ಅಲ್ಲಿಯ ಗುಮಾಸ್ತನು ಕತ್ತರಿಸುವುದು ಹೇಗೆ? 1882ರಲ್ಲಿ ಬಂದವರು ಇಳಿಯುತ್ತಿದ್ದುದು ಕ್ಯಾಸಲ್ ಗಾರ್ಡನ್ ಎಂಬ ಹಳೆಯ ಠಾಣೆಯಲ್ಲಿ. ಎಲ್ಲಿಸ್ ದ್ವೀಪದಲ್ಲಿಯೂ ಅಧಿಕಾರಿಗಳು ಹೊಸದಾಗಿ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹಡಗಿನ ಕಂಪೆನಿಯವರು ಯೂರೋಪಿನ ಬಂದರಿನಲ್ಲಿಯೇ ಸಿದ್ಧಪಡಿಸಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರನ್ನೇ ತಾಳೆ ನೋಡುತ್ತಿದ್ದರು. ಆದರೂ ಅಮೆರಿಕದ ಎಷ್ಟೋ ಮನೆಗಳಲ್ಲಿ ಈ ಗುಮಾಸ್ತನ ಕಥೆ ನಡೆದುಬಂದಿದೆ. ಹೆಸರನ್ನು ಬದಲಾಯಿಸಿಕೊಂಡವರು ತಾವೇ ಎಂದು ಮಕ್ಕಳಿಗೆ ಹೇಳುವುದಕ್ಕಿಂತ, ಮುಖವಿಲ್ಲದ ಒಬ್ಬ ಗುಮಾಸ್ತನ ಮೇಲೆ ಹೊರೆಯನ್ನು ಹೊರಿಸುವುದು ಮನಸ್ಸಿಗೆ ಹಗುರವೇನೋ.

ಮನೆಗಳ ಕಥೆ ಹಾಗಿರಲಿ, ಒಂದು ದೇಶವೇ ಇಂಥ ಕಥೆಯನ್ನು ನಂಬಿದ್ದುಂಟು. ಎಲ್ಲಿಸ್ ದ್ವೀಪದಲ್ಲಿ ಮೊಟ್ಟಮೊದಲು ಇಳಿದವಳು ಐರ್ಲೆಂಡಿನ ಕಾರ್ಕ್ ಪ್ರಾಂತದ ಆನಿ ಮೂರ್ ಎಂಬ ಹದಿನೇಳು ವರ್ಷದ ಹುಡುಗಿ. ಅವಳಿಗೆ ಹತ್ತು ಡಾಲರಿನ ಒಂದು ಬಂಗಾರದ ನಾಣ್ಯವನ್ನು ಕೊಟ್ಟರು. ಅವಳು ಹಡಗು ಹತ್ತಿದ ಬಂದರಿನಲ್ಲಿಯೂ ಇಳಿದ ದ್ವೀಪದಲ್ಲಿಯೂ ಅವಳ ಪ್ರತಿಮೆಗಳಿವೆ. ಅವಳು ಪಶ್ಚಿಮಕ್ಕೆ ಹೋಗಿ ಟೆಕ್ಸಸ್ಸಿನಲ್ಲಿ ಬಾಳಿ, ಅಲ್ಲಿಯೇ ಅಪಘಾತದಲ್ಲಿ ತೀರಿಕೊಂಡಳೆಂದು ಬಹುಕಾಲ ಹೇಳುತ್ತಿದ್ದರು. ಹೊಸ ನಾಡನ್ನು ಗೆಲ್ಲಹೊರಟ ವಲಸೆಗಾರ್ತಿಗೆ ತಕ್ಕ ಕಥೆ ಅದು. ಟೆಕ್ಸಸ್ಸಿನ ಆ ಆನಿ ಮೂರ್ ಬೇರೆಯವಳು, ಅಮೆರಿಕದ ಇಲಿನಾಯ್ ರಾಜ್ಯದಲ್ಲಿಯೇ ಹುಟ್ಟಿದವಳು ಎಂದು ಮೆಗನ್ ಸ್ಮೊಲೆನ್ಯಾಕ್ ಎಂಬ ವಂಶಶೋಧಕಿಯು ದಾಖಲೆಗಳಿಂದ ತೋರಿಸಿದಳು; ನಿಜವಾದ ಆನಿಯ ಗುರುತು 2006ರಲ್ಲಿ ಸಿಕ್ಕಿತು. ಅವಳು ಹಡಗಿಳಿದ ಜಾಗದಿಂದ ಕೂಗಳತೆಯ ದೂರದಲ್ಲಿ, ನ್ಯೂಯಾರ್ಕಿನ ಬಡವರ ಕೇರಿಯಲ್ಲಿಯೇ ಬಾಳಿದಳು. ಒಬ್ಬ ಜರ್ಮನ್ ಬೇಕರಿಯವನ ಮಗನನ್ನು ಮದುವೆಯಾದಳು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳನ್ನು ಹೆತ್ತು, ಅವರಲ್ಲಿ ಹಲವರನ್ನು ಎಳವೆಯಲ್ಲಿಯೇ ಮಣ್ಣುಮಾಡಿ, 1924ರಲ್ಲಿ ತಾನೂ ತೀರಿಕೊಂಡಳು. ಪ್ರತಿಮೆಗಳಿದ್ದವಳ ಗೋರಿಗೆ ಒಂದು ಕಲ್ಲು ಇರಲಿಲ್ಲ. 2008ರಲ್ಲಿ ಅದನ್ನು ನಿಲ್ಲಿಸಿದರು. ಟೆಕ್ಸಸ್ಸಿನ ಕಥೆ ರಮ್ಯವಾಗಿತ್ತು. ಆದರೆ ಆ ರಮ್ಯತೆಯ ಬೆಲೆಯನ್ನು ತೆತ್ತವಳು ನಿಜವಾದ ಆನಿ.

ನಾವು ಮಿನೆಸೋಟದಿಂದ ನಾರ್ವೆಗೆ ದಾಟಿದೆವು. ದಾಟಿದ್ದು ಕುರ್ಚಿಯಲ್ಲಿ ಕುಳಿತೇ. ಆ ದೇಶದ ರಾಷ್ಟ್ರೀಯ ದಾಖಲೆ ಭಂಡಾರದವರು ಹಳೆಯ ಚರ್ಚುಗಳ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ಛಾಯಾಚಿತ್ರ ತೆಗೆದು, ಯಾರು ಬೇಕಾದರೂ ಹಣ ಕೊಡದೆ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಆದರೆ ಆ ಪುಸ್ತಕವನ್ನು ತೆರೆಯುವ ಮುನ್ನ ನಾರ್ವೆಯ ಹೆಸರಿನ ಪದ್ಧತಿಯನ್ನು ಕಲಿಯಬೇಕಾಗುತ್ತದೆ. ಅಲ್ಲಿಯ ಹಳ್ಳಿಗನಿಗೆ ಆ ಕಾಲದಲ್ಲಿ ಮನೆತನದ ಹೆಸರೆಂಬುದು ಇರಲಿಲ್ಲ. ಓಲೆ ಎಂಬವನ ಮಗ ಲಾರ್ಸ್ ಆದರೆ ಅವನು ಲಾರ್ಸ್ ಓಲ್ಸೆನ್. ಅವನ ಮಗ ಮತ್ತೆ ಓಲೆಯಾದರೆ ಓಲೆ ಲಾರ್ಸೆನ್. ಮಗಳಾದರೆ ಅವಳ ಹೆಸರಿನ ಜೊತೆಗೆ ಲಾರ್ಸ್‌ದಾತ್ತರ್, ಲಾರ್ಸನ ಮಗಳು. ಇದಾದ ಮೇಲೆ, ತಾನು ವಾಸವಾಗಿದ್ದ ಜಮೀನಿನ ಹೆಸರನ್ನು ವಿಳಾಸದಂತೆ ಸೇರಿಸಿಕೊಳ್ಳುವುದು. ಮನೆ ಬದಲಾಯಿಸಿದರೆ ಆ ಹೆಸರೂ ಬದಲಾಗುತ್ತಿತ್ತು. ಎಲ್ಲರಿಗೂ ಸ್ಥಿರವಾದ ಒಂದು ಮನೆತನದ ಹೆಸರಿರಬೇಕೆಂದು ನಾರ್ವೆ ಕಾನೂನು ಮಾಡಿದ್ದು 1923ರಲ್ಲಿ.

ಬೀಗರಿಗೆ ಇದು ತೊಡಕಾಗಿ ಕಂಡಿತು. ನನಗೆ ಮನೆಯ ಅಂಗಳಕ್ಕೆ ಬಂದಂತಾಯಿತು. ನನ್ನ ಹೆಸರಿನ ಮುಂದೆಯೂ ಎರಡು ಅಕ್ಷರಗಳಿವೆ. ಮೊದಲನೆಯದು ಊರಿನದು, ಎರಡನೆಯದು ತಂದೆಯದು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ನನ್ನನ್ನು ನನ್ನ ತಂದೆಯ ಹೆಸರಿನಿಂದ ಕೂಗಿದಾಗ ನಾನು ತಿರುಗಿ ನೋಡದೆ ಕುಳಿತಿದ್ದದ್ದೂ ಉಂಟು. ಬೀಗರ ಮುತ್ತಜ್ಜನು ಮಾಡಿದ್ದೂ ಅಷ್ಟೆ. ಬರ್ಗನ್ ಬಂದರಿನ ಪೊಲೀಸರು ಬರೆದುಕೊಂಡ ವಲಸಿಗರ ಪಟ್ಟಿಯಲ್ಲಿ ಅವನಿಗೆ ತಂದೆಯ ಹೆಸರು. ಲೂಥರನ್ ಸಭೆಯ ಪುಸ್ತಕದಲ್ಲಿ ಜಮೀನಿನ ಪೂರ್ಣ ಹೆಸರು. 1900ರ ಗಣತಿಯಲ್ಲಿ ಅದನ್ನೇ ಮೊಟಕುಗೊಳಿಸಿದ, ಇಂಗ್ಲಿಷಿನವರ ನಾಲಗೆಗೆ ಒಗ್ಗುವ ಹೆಸರು. ಹೆಸರು ಮೊಟಕಾದದ್ದು ನಿಜ, ಮಾಡಿಕೊಂಡವನು ಅವನೇ.

ಇನ್ನು ಚರ್ಚಿನ ಪುಸ್ತಕಗಳ ವಿಷಯ. ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು, ಊರು ಬಿಟ್ಟು ಹೋದದ್ದು, ಊರಿಗೆ ಬಂದದ್ದು ಇವನ್ನೆಲ್ಲ ಪಾದ್ರಿಯು ಬರೆದಿಡಬೇಕಾಗಿತ್ತು. ಹದಿನೈದರ ಸುಮಾರಿಗೆ ಮಕ್ಕಳು ಧರ್ಮದ ಪಾಠವನ್ನು ಒಪ್ಪಿಸುವಾಗ ಅವರಿಗೆ ಎಷ್ಟು ಬರುತ್ತದೆಂಬುದನ್ನೂ, ಸಿಡುಬಿನ ಲಸಿಕೆ ಆಗಿದೆಯೇ ಎಂಬುದನ್ನೂ ಅವನು ಗುರುತುಹಾಕುತ್ತಿದ್ದನು. 1812ರ ರಾಜಾಜ್ಞೆಯೊಂದರಲ್ಲಿ ಒಂದು ಮಾತಿದೆ. ಅದನ್ನು ಓದಿ ನಾನು ಬೆರಗಾದೆ. ಪುಸ್ತಕದ ಎರಡು ಪ್ರತಿಗಳಿರಬೇಕು. ಒಂದು ಪಾದ್ರಿಯ ಬಳಿ, ಇನ್ನೊಂದು ಅವನ ಸಹಾಯಕನ ಬಳಿ. ಎರಡೂ ಒಂದೇ ಸೂರಿನ ಕೆಳಗೆ ಒಂದು ರಾತ್ರಿಯೂ ಇರಕೂಡದು. ಒಂದು ಮನೆಗೆ ಬೆಂಕಿ ಬಿದ್ದರೂ ಇನ್ನೊಂದು ಪ್ರತಿ ಉಳಿಯಲೆಂದು ಈ ಕಟ್ಟಳೆ. ಇದರ ಬೆಲೆಯನ್ನು ತಿಳಿಯಬೇಕಾದರೆ ಐರ್ಲೆಂಡನ್ನು ನೋಡಬೇಕು. ಅಲ್ಲಿಯ ದಾಖಲೆಗಳನ್ನು ಸುರಕ್ಷಿತವಾಗಿರಲೆಂದು ಡಬ್ಲಿನ್ ನಗರದ ಒಂದೇ ಕಟ್ಟಡದಲ್ಲಿ ಕೂಡಿಹಾಕಿದರು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಆ ಕಟ್ಟಡ ಸಿಡಿದು ಸುಟ್ಟುಹೋಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ಜನಗಣತಿಗಳಲ್ಲಿ ಉಳಿದದ್ದು ಕೆಲವು ಚೂರುಗಳು ಮಾತ್ರ.

ನಾರ್ವೆಯ ಪುಸ್ತಕ ಉಳಿದಿದೆ. ಆ ಕಾಲದ ಬರವಣಿಗೆಯ ಕೊಂಕು ಅಕ್ಷರಗಳು ನಮ್ಮಿಬ್ಬರಿಗೂ ತಿಳಿಯುವಂತಿರಲಿಲ್ಲ. ಬೀಗರ ಸಭೆಯ ಒಬ್ಬ ವೃದ್ಧೆ ಅದನ್ನು ಓದಬಲ್ಲವರಾಗಿದ್ದರು. ಮೊದಲು ಅವರು ಓದಿದ್ದು 1865ರ ಜನಗಣತಿಯ ಹಾಳೆಯನ್ನು. ಆ ಗಣತಿಯಲ್ಲಿ ಮನುಷ್ಯರ ಜೊತೆಗೆ ದನಕರುಗಳನ್ನೂ ಬಿತ್ತಿದ ಬೀಜವನ್ನೂ ಎಣಿಸಿದ್ದಾರೆ. ಬಿಳಿಯ ಮನೆಯ ಸಾಲಿನಲ್ಲಿ ನಮ್ಮ ಹುಡುಗನಿರಲಿಲ್ಲ. ಅದರ ಕೆಳಗೆ, ಅದೇ ಜಮೀನಿನ ಹೆಸರಿನಲ್ಲಿ, ಬೇರೆಯೊಂದು ಸಾಲಿತ್ತು. ಒಬ್ಬ ಮುದುಕ, ಅವನ ಹೆಂಡತಿ, ನಾಲ್ಕು ವರ್ಷದ ಒಬ್ಬ ಮೊಮ್ಮಗ. ಹಸು ಒಂದು, ಕುರಿ ಮೂರು. ಬಿತ್ತನೆ ಬಾರ್ಲಿ ಕಾಲು ಪೀಪಾಯಿ, ಆಲೂಗೆಡ್ಡೆ ಎರಡು ಪೀಪಾಯಿ. ಮುದುಕನ ಹೆಸರಿನ ಎದುರಿಗೆ ಹುಸ್‌ಮನ್ ಎಂಬ ಒಂದು ಶಬ್ದ.

ಹುಸ್‌ಮನ್ ಎಂದರೆ ದೊಡ್ಡ ಜಮೀನಿನ ಅಂಚಿನಲ್ಲಿ ಒಂದು ತುಂಡು ನೆಲವನ್ನೂ ಒಂದು ಗುಡಿಸಲನ್ನೂ ಪಡೆದು, ಅದಕ್ಕೆ ಪ್ರತಿಯಾಗಿ ಒಡೆಯನ ಹೊಲದಲ್ಲಿ ದುಡಿಯುವವನು. ನಮ್ಮ ಗೇಣಿ ಒಕ್ಕಲನ್ನೂ ಆಳುಮಗನನ್ನೂ ಸೇರಿಸಿ ಒಬ್ಬನನ್ನು ಮಾಡಿದರೆ ಹುಸ್‌ಮನ್ ಆಗುತ್ತಾನೆ. ನೆಲ ಅವನದಲ್ಲ, ಆದರೆ ನೆಲದ ಹೆಸರು ಮಾತ್ರ ವಿಳಾಸವಾಗಿ ಅವನಿಗೂ ಬರುತ್ತದೆ. ಬೀಗರ ಗೋಡೆಯ ಮೇಲಿನ ಮನೆಯ ಹೆಸರು ಅವರ ವಂಶಕ್ಕೆ ಬಂದದ್ದು ಹೀಗೆ.

ವೃದ್ಧೆಯು ಮತ್ತೆರಡು ಹಾಳೆಗಳನ್ನು ಓದಿದರು. 1861ರ ದೀಕ್ಷಾಸ್ನಾನದ ಸಾಲಿನಲ್ಲಿ, ಧರ್ಮಸಮ್ಮತವಾದ ಮಗುವೋ ಅಲ್ಲವೋ ಎಂಬುದಕ್ಕೆ ಒಂದು ಪ್ರತ್ಯೇಕ ಅಂಕಣವಿದೆ. ಅಲ್ಲಿ ಪಾದ್ರಿಯು ಅಲ್ಲವೆಂದು ಬರೆದಿದ್ದನು. ತಾಯಿ ಆ ಬಿಳಿಯ ಮನೆಯಲ್ಲಿ ಕೆಲಸಕ್ಕಿದ್ದ ಅವಿವಾಹಿತೆ. ತಂದೆ ನೆರೆಯ ಜಮೀನಿನ ಹುಸ್‌ಮನ್ನನ ಮಗ; ಅವನೂ ಅವಿವಾಹಿತ. ಮಗುವಿಗೆ ಸಾಕ್ಷಿಯಾಗಿ ನಿಂತ ಐದು ಜನರಲ್ಲಿ ದೊಡ್ಡ ಮನೆಯವರು ಯಾರೂ ಇರಲಿಲ್ಲ. 1879ರ ಮರಣದ ಹಾಳೆಯಲ್ಲಿ ಆ ತಾಯಿಯ ಹೆಸರಿತ್ತು. ಮೂರು ವರ್ಷದ ಮೇಲೆ, ಊರು ಬಿಟ್ಟವರ ಪಟ್ಟಿಯಲ್ಲಿ ಮಗನ ಹೆಸರು.

ಬೀಗರು ಏನೂ ಮಾತಾಡಲಿಲ್ಲ. ಎದ್ದು ಮೇಲಂಗಿಯನ್ನು ಹಾಕಿಕೊಂಡು ಹೊರಗೆ ಹೋಗಿ ಬಾಗಿಲ ಮುಂದಿನ ಹಿಮವನ್ನು ಎತ್ತಿಹಾಕತೊಡಗಿದರು. ನಾನು ಒಳಗೇ ಉಳಿದೆ. ಮನೆತನದ ಹೆಮ್ಮೆ ಸಣ್ಣದಲ್ಲ. ಅದನ್ನು ಕಳೆದುಕೊಂಡವನಿಗೆ ಸಮಾಧಾನ ಹೇಳಹೋಗುವುದು, ನಿನ್ನ ಹೆಮ್ಮೆ ಬೆಪ್ಪುತನವಾಗಿತ್ತು ಎಂದು ಹೇಳಿದಂತೆಯೇ.

ಹುಡುಗನು ಹೊರಟದ್ದು ಸಾಹಸಕ್ಕೆಂದು ಹೇಳಿದ ಎರಡನೆಯ ಮಾತನ್ನೂ ಆ ದಿನಗಳಲ್ಲಿ ನಾನು ತೂಗಿ ನೋಡಿದೆ. ನಾರ್ವೆಯ ನೆಲದಲ್ಲಿ ಉಳುವ ಭೂಮಿ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. ಮಿಕ್ಕದ್ದು ಬಂಡೆ, ಕಾಡು, ಹಿಮ. 1801ರಲ್ಲಿ ಆ ದೇಶದ ಜನ ಸುಮಾರು 8 ಲಕ್ಷ 83 ಸಾವಿರ. 1865ರ ಹೊತ್ತಿಗೆ 17 ಲಕ್ಷ. ಜನ ಇಮ್ಮಡಿಯಾದರೂ ನೆಲ ಹೆಚ್ಚಲಿಲ್ಲ. ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ಕಿರಿಯವರಿಗೆ ಅಂಚಿನ ಗುಡಿಸಲು. 1825ರಲ್ಲಿ ಸ್ತಾವಾಂಗರ್ ಬಂದರಿನಿಂದ ರೆಸ್ಟೊರೇಷನ್ ಎಂಬ ಪುಟ್ಟ ಹಡಗಿನಲ್ಲಿ 52 ಜನ ಹೊರಟರು. ದಾರಿಯಲ್ಲಿ ಒಂದು ಮಗು ಹುಟ್ಟಿ ನ್ಯೂಯಾರ್ಕಿಗೆ 53 ಜನರಾಗಿ ತಲುಪಿದರು. ಅದು ಮೊದಲು. ಮುಂದಿನ ನೂರು ವರ್ಷಗಳಲ್ಲಿ ಆ ಪುಟ್ಟ ದೇಶದಿಂದ ಸುಮಾರು 8 ಲಕ್ಷ ಜನ ಹೊರಟುಹೋದರು. 1882ರ ಒಂದೇ ವರ್ಷದಲ್ಲಿ ಹೋದವರು 28 ಸಾವಿರಕ್ಕೂ ಹೆಚ್ಚು. ಅವರಲ್ಲಿ ನಮ್ಮ ಹುಡುಗನೊಬ್ಬ. ತಾಯಿ ಸತ್ತಿದ್ದಳು, ನೆಲವಿರಲಿಲ್ಲ, ಹುಟ್ಟಿನ ಮಾತನ್ನು ಊರು ಮರೆಯುವಂತಿರಲಿಲ್ಲ. ಇದನ್ನು ಸಾಹಸವೆನ್ನಬಾರದೆಂದು ನಾನು ಹೇಳುವುದಿಲ್ಲ. ಆದರೆ ಲೋಕವನ್ನು ನೋಡಹೋಗುವ ಯಜಮಾನನ ಮಗನ ಸಾಹಸವಲ್ಲ ಅದು.

ಪೂರ್ವಜರನ್ನು ಹುಡುಕುವ ಹವ್ಯಾಸವು ಇಂದು ಪಶ್ಚಿಮದೇಶಗಳಲ್ಲಿ ಬಹು ದೊಡ್ಡದಾಗಿ ಬೆಳೆದಿದೆ. ಅಮೆರಿಕದ ಯೂಟಾ ರಾಜ್ಯದಲ್ಲಿ 1894ರಲ್ಲಿ ಆರಂಭವಾದ ವಂಶಾವಳಿ ಸಂಘವೊಂದು, ತನ್ನ ಧರ್ಮದ ನಂಬಿಕೆಗಾಗಿ, 1938ರಿಂದ ಲೋಕದ ದಾಖಲೆಗಳನ್ನು ಸೂಕ್ಷ್ಮಚಿತ್ರದ ಸುರುಳಿಗಳಲ್ಲಿ ತೆಗೆಯುತ್ತ ಬಂದಿತು. ಕೂಡಿದ್ದ ಸುಮಾರು 24 ಲಕ್ಷ ಸುರುಳಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ 2021ರಲ್ಲಿ ಮುಗಿಯಿತು. ಇಷ್ಟು ದೊಡ್ಡ ಉದ್ಯಮವನ್ನು ಕಂಡು ಸಂತೋಷಪಡುವಾಗ ಒಂದು ಎಚ್ಚರವೂ ಬೇಕು. ಇದೇ ಚರ್ಚಿನ ಪುಸ್ತಕಗಳನ್ನು 1933ರ ತರುವಾಯ ಜರ್ಮನಿಯಲ್ಲಿ ಬೇರೊಂದು ಕೆಲಸಕ್ಕೆ ಬಳಸಿದರು. ಸರ್ಕಾರದ ಉದ್ಯೋಗದಲ್ಲಿ ಉಳಿಯಬೇಕಾದವನು ತನ್ನ ಅಜ್ಜ ಅಜ್ಜಿಯರು ಯೆಹೂದ್ಯರಲ್ಲವೆಂದು ಆ ಪುಸ್ತಕಗಳ ನಕಲುಗಳಿಂದ ಸಾಧಿಸಬೇಕಾಯಿತು. ಹಾಳೆ ಅದೇ, ಶಾಯಿ ಅದೇ. ಹುಡುಕುವವನ ಮನಸ್ಸು ಬೇರೆ. ಕುಲದ ಶುದ್ಧಿಯನ್ನು ಹುಡುಕಹೊರಟವನಿಗೆ ದಾಖಲೆಯು ಕತ್ತಿಯಾಗುತ್ತದೆ.

ನಮ್ಮಲ್ಲಿ ವಂಶಾವಳಿಯನ್ನು ಕೇಳುವವರು ಇಬ್ಬರು: ಆಸ್ತಿಯ ಹಂಚಿಕೆಗಾಗಿ ನ್ಯಾಯಸ್ಥಾನ, ಸಂಬಂಧಕ್ಕಾಗಿ ಹೆಣ್ಣು ಗಂಡಿನ ಕಡೆಯವರು. ಇವರಿಬ್ಬರ ಮುಂದೆಯೂ ನಿಜವನ್ನೆಲ್ಲ ಹೇಳುವ ಧೈರ್ಯ ಯಾರಿಗಿದೆ? ಎತ್ತಿನ ಮೇಲೆ ಕುಳಿತು ಊರೂರಿಗೆ ಬರುವ ಹೆಳವನು ಒಕ್ಕಲು ಮನೆಗಳ ತಲೆಮಾರುಗಳನ್ನು ಹಾಡಿ ಹೇಳುತ್ತಾನೆ. ಅವನ ಜ್ಞಾಪಕಶಕ್ತಿಗೆ ಕೈಮುಗಿಯಬೇಕು. ಆದರೆ ಅವನಿಗೆ ದವಸ ಅಳೆಯುವವನು ಮನೆಯ ಯಜಮಾನ. ಯಜಮಾನನ ಎದುರಿಗೆ ಅವನ ಮನೆಯ ಗುಟ್ಟನ್ನು ಹಾಡುವುದು ಸಾಧ್ಯವೆ? ನಾರ್ವೆಯ ಪಾದ್ರಿಗೆ ಈ ಕಷ್ಟವಿರಲಿಲ್ಲ. ಅವನು ಬರೆದದ್ದು ಆ ಹೆಣ್ಣಿನ ಮೇಲಣ ಕರುಣೆಯಿಂದಲ್ಲ. ಅವಳ ತಪ್ಪನ್ನು ಗುರುತುಹಾಕುವುದಕ್ಕೆ. ಅವಳನ್ನು ನಾಚಿಸಲೆಂದು ಮಾಡಿದ ಆ ಅಂಕಣವೇ ಇಂದು ಅವಳಿಗೆ ಉಳಿದ ಸಾಕ್ಷಿ. ಅವಳ ಮಗನ ಸಂತತಿಯು ಅವಳನ್ನು ಮರೆಯಿತು; ಅವಳನ್ನು ದೂಷಿಸಿದವನ ಲೇಖನಿ ಮರೆಯಲಿಲ್ಲ.

ಎರಡು ದಿನ ಕಳೆದ ಮೇಲೆ ಬೀಗರು ಆ ಹಾಳೆಯನ್ನು ಮತ್ತೊಮ್ಮೆ ತೋರಿಸಬೇಕೆಂದರು. ಬಹಳ ಹೊತ್ತು ನೋಡಿದರು. ಅನಂತರ, "ಎಂಬತ್ತು ವರ್ಷ ಬದುಕಿದೆ, ಇವಳ ಹೆಸರೇನೆಂದು ಒಂದು ಸಲವೂ ಕೇಳಿರಲಿಲ್ಲ" ಎಂದರು. ಬಿಳಿಯ ಮನೆಯ ಚಿತ್ರಪಟವನ್ನು ಅವರು ತೆಗೆಯಲಿಲ್ಲ. ತೆಗೆಯಬೇಕಾದ ಕಾರಣವೂ ಇಲ್ಲ, ಅವಳು ದುಡಿದ ಮನೆ ಅದು. 1861ರ ಆ ಸಾಲಿನ ಪ್ರತಿಯನ್ನು ಮಾಡಿಸಿ ಕಟ್ಟು ಹಾಕಿಸಿ, ಚಿತ್ರಪಟದ ಪಕ್ಕದಲ್ಲಿ ತೂಗುಹಾಕಿದರು. ಆಕೆಯ ಹೆಸರನ್ನು ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಅದು ಬೀಗರ ಮನೆಯ ಸೊತ್ತು.

ಇನ್ನು ನನ್ನ ಸರದಿ. ಬೀಗರ ಮನೆಯ ನಿಜವನ್ನು ಅಷ್ಟು ಶ್ರದ್ಧೆಯಿಂದ ಹುಡುಕಿಕೊಟ್ಟ ನಾನು, ನನ್ನ ಕಡೆಯ ವಂಶವೃಕ್ಷವನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದ್ದೆ. ದಾಖಲೆಯೂ ಇತ್ತು: ಬಹಳ ವರ್ಷಗಳ ಹಿಂದೆ ನಮ್ಮ ಮನೆಯ ಪಾಲಾದಾಗ ಕಚೇರಿಗೆ ಕೊಟ್ಟ ವಂಶವೃಕ್ಷ. ಓದಿದವನೆಂದು ಅದನ್ನು ಬರೆದವನು ನಾನೇ. ನನ್ನ ತಂದೆಗೆ ಒಬ್ಬ ಸೋದರತ್ತೆ ಇದ್ದಳು. ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ ತವರಿಗೆ ಬಂದವಳು, ಕೆಲವು ವರ್ಷಗಳ ಮೇಲೆ ಒಂದು ದಿನ ಮನೆ ಬಿಟ್ಟು ಹೋದಳು. ಒಬ್ಬಳೇ ಹೋಗಲಿಲ್ಲವೆಂದು ಊರು ಹೇಳಿತು. ಅಂದಿನಿಂದ ಆ ಹೆಸರು ಮನೆಯಲ್ಲಿ ಕೇಳಬರಲಿಲ್ಲ. ವಂಶವೃಕ್ಷವನ್ನು ಬರೆಯುವಾಗ ನಾನು ತಂದೆಯವರ ಮುಖ ನೋಡಿದೆ. ಇಲ್ಲದವರನ್ನು ಏಕೆ ಬರೆಯುವುದು ಎಂದರು. ಹೆಸರು ನನಗೆ ಗೊತ್ತಿತ್ತು. ನಾನು ಬರೆಯಲಿಲ್ಲ. ಅದು ಕಚೇರಿಯ ಮೊಹರು ಬಿದ್ದ ಸುಳ್ಳಾಗಿ ಇಂದಿಗೂ ಉಳಿದಿದೆ. ಯಾವ ಪಾದ್ರಿಯೂ ಅವಳ ತಪ್ಪನ್ನು ಬರೆದಿಡಲಿಲ್ಲವಾದ್ದರಿಂದ, ನನ್ನ ಕಾಲ ಮುಗಿದರೆ ಅವಳು ಇದ್ದಳೆಂಬುದಕ್ಕೆ ಆಧಾರವೇ ಇರುವುದಿಲ್ಲ.

ಈ ಪುಟದ ವಾಚಕರಲ್ಲಿ ನನ್ನ ವಯಸ್ಸಿನವರು ಅನೇಕರಿದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮೂಲವನ್ನು ಹುಡುಕುವುದು ಹಿರಿಮೆಗೆ ಸಾಕ್ಷಿ ಒದಗಿಸುವುದಕ್ಕಲ್ಲ. ನಾವೇ ಹೊರಗೆ ನಿಲ್ಲಿಸಿದವರನ್ನು ಒಳಗೆ ಕರೆಯುವುದಕ್ಕೆ. ನಮ್ಮ ಹಳ್ಳಿಗಳ ಶಾಲೆಯ ದಾಖಲೆ ಪುಸ್ತಕಗಳು, ಜನನ ಮರಣದ ಲೆಕ್ಕಗಳು, ಹೆಳವರ ನೆನಪಿನ ಭಂಡಾರ, ಅಟ್ಟದ ಮೇಲಿನ ಹಳೆಯ ಕಾಗದಗಳು ಇವೆಲ್ಲ ಗೆದ್ದಲಿಗೂ ಮಳೆಗೂ ಸಲ್ಲುವ ಮುನ್ನ ಎರಡನೆಯದೊಂದು ಪ್ರತಿಯಾಗಿ ಬೇರೊಂದು ಸೂರಿನ ಕೆಳಗೆ ಸೇರಬೇಕು. ಇನ್ನೂರು ವರ್ಷಗಳ ಹಿಂದೆ ಒಂದು ಬಡ ದೇಶಕ್ಕೆ ಸಾಧ್ಯವಾದದ್ದು ಇಂದು ನಮಗೆ ಸಾಧ್ಯವಾಗಬಾರದೆ? ಕಾಗದಗಳಲ್ಲಿಯೂ ಇಲ್ಲದವರನ್ನು, ಬಲ್ಲವರು ಬದುಕಿರುವಾಗಲೇ ಬರೆದಿಡಬೇಕು. ನಾಚಿಕೆಗೆ ಒಂದು ಆಯುಸ್ಸಿದೆ. ಮೂರು ತಲೆಮಾರು ಕಳೆದರೆ ಅದು ಸಾಯುತ್ತದೆ. ಆದರೆ ಸಾಯುವಾಗ ಹೆಸರನ್ನೂ ಜೊತೆಗೆ ಕರೆದೊಯ್ಯುತ್ತದೆ.

ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗಳ ವಂಶವೃಕ್ಷದಲ್ಲಿ ಆ ಅಜ್ಜಿಯ ಹೆಸರನ್ನು ಬರೆದೆ. ದಾಖಲೆಯ ಜಾಗದಲ್ಲಿ ನನ್ನ ರುಜು ಹಾಕಿದೆ. ಮಗು ನೋಡಿ, ಇವರ ಗೆರೆ ಏಕೆ ಮುಂದೆ ಹೋಗಿಲ್ಲವೆಂದು ಕೇಳಿತು. ಹೋಗಿರಬಹುದು, ನಾವು ನೋಡಲಿಲ್ಲ ಎಂದೆ.